‘ಅಡ್ಜಸ್ಟ್’ ನಡೆಯದ ಕೆಲಸಕ್ಕೆ ಇಂಟರ್‌ವ್ಯೂ

ನಾನು ಅಬುಧಾಬಿಗೆ ಹೋದ ಕಾಲದಲ್ಲಿ ಇಂಟರ್‌ವ್ಯೂ ಎಂಬುದೇ ಇರಲಿಲ್ಲ. ಊರಿನವರೊಬ್ಬರು ವೀಸಾ ಕಳಿಸಿದರು, ಹೋಗಿ ಕೆಫೆಟೇರಿಯಾದ ಕೌಂಟರಿನ ಹಿಂದೆ ನಿಂತೆ, ಅಷ್ಟೆ. ಆಮೇಲೆ ಹೋಟೆಲ್ ಕೆಲಸಕ್ಕೆ ಸೇರಿ, ಕೊನೆಯ ಕೆಲವು ವರ್ಷ ಹೊಸಬರನ್ನು ಆರಿಸುವಾಗ ಮೇಜಿನ ಆಚೆ ಬದಿಯಲ್ಲಿ ಕೂರುವ ಅವಕಾಶ ಸಿಕ್ಕಿತು. ಅದಕ್ಕಾಗಿ ಈಗ ಉಪ್ಪಳದಲ್ಲಿ ಯಾರ ಮನೆಯ ಮಕ್ಕಳಿಗೆ ಇಂಟರ್‌ವ್ಯೂ ಬಂದರೂ ನನ್ನ ಹತ್ತಿರ ಕಳಿಸುತ್ತಾರೆ.

ಈ ವರ್ಷ ಬಂದವರು ಇಬ್ಬರು. ಒಬ್ಬ ನನ್ನ ತಂಗಿಯ ಮಗ, ಬಟ್ಟೆ ಅಂಗಡಿಯಲ್ಲಿ ಕೆಲಸ. ಇನ್ನೊಬ್ಬಳು ನೆರೆಮನೆಯ ಹುಡುಗಿ, ಬಿ.ಕಾಂ. ಮುಗಿಸಿದ್ದಾಳೆ. ಇಬ್ಬರೂ ಅರ್ಜಿ ಹಾಕಿದ್ದು ಥೀಮ್ ಪಾರ್ಕಿನ ಕೆಲಸಕ್ಕೆ. ಅಬುಧಾಬಿಯ ಯಾಸ್ ದ್ವೀಪದಲ್ಲಿ 2010ರಲ್ಲಿ ಫೆರಾರಿ ವರ್ಲ್ಡ್ ಶುರುವಾಯಿತು, 2018ರಲ್ಲಿ ವಾರ್ನರ್ ಬ್ರದರ್ಸ್, 2023ರಲ್ಲಿ ಸೀವರ್ಲ್ಡ್. ದುಬೈಯಲ್ಲಿ 2016ರಿಂದ ಮೋಷನ್‌ಗೇಟ್, ಲೆಗೊಲ್ಯಾಂಡ್ ಇವೆ. ಇಂಥ ಕಡೆ ರೈಡ್ ನಡೆಸಲು, ಟಿಕೆಟ್ ನೋಡಲು, ತಿಂಡಿ ಕೊಡಲು, ಕೊಳದ ಪಕ್ಕ ಕಾವಲಿರಲು ಜನ ಬೇಕಾಗುತ್ತದೆ.

ತಂಗಿಯ ಮನೆಯ ಪರಿಸ್ಥಿತಿ ಹೇಳದಿದ್ದರೆ ಹುಡುಗನ ಹೆದರಿಕೆ ಅರ್ಥವಾಗದು. ಅವನ ಉಪ್ಪ 22 ವರ್ಷ ನಡೆಸಿದ ಗ್ರೋಸರಿ ಮುಚ್ಚಿ ಊರಿಗೆ ಬಂದಿದ್ದಾರೆ. ಮನೆಯ ಮೇಲೆ ಸೊಸೈಟಿಯ ಸಾಲ ಉಂಟು. ಹಾಗಾಗಿ ಹುಡುಗ ಬಂದು ಕೂತವನೇ, ಇಂಟರ್‌ನೆಟ್‌ನಿಂದ ಬಾಯಿಪಾಠ ಮಾಡಿದ ಇಂಗ್ಲಿಷ್ ಪ್ಯಾರಾ ಒಂದನ್ನು ಉಸಿರು ಬಿಡದೆ ಒಪ್ಪಿಸಿದ. ತಾನು ಶ್ರಮಜೀವಿ, ಟೀಮಿನಲ್ಲಿ ಚೆನ್ನಾಗಿ ದುಡಿಯುವವನು, ಸವಾಲುಗಳನ್ನು ಪ್ರೀತಿಸುವವನು ಎಂದು. ಈ ಪ್ಯಾರಾವನ್ನು ಅವರು ದಿನಕ್ಕೆ ಐವತ್ತು ಸಲ ಕೇಳಿರುತ್ತಾರೆ, ಮೂರನೇ ವಾಕ್ಯಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆ.

"ಅದು ಬಿಡು. ಪೆರ್ನಾಲಿನ ಹಿಂದಿನ ರಾತ್ರಿ ಅಂಗಡಿಯಲ್ಲಿ ಎಂತ ಆಗ್ತದೆ ಹೇಳು" ಎಂದೆ. ಬಾಯಿ ತೆರೆಯಿತು ನೋಡಿ. ಹತ್ತು ಗಂಟೆಗೆ ಅಂಗಡಿ ತುಂಬ ಜನ, ಒಂದೇ ಚೂಡಿದಾರ್ ಪೀಸಿಗೆ ಎರಡು ಮನೆಯವರ ಹಟ, ಅಳುವ ಮಗು, ಬಿಲ್ಲಿಂಗ್ ಮೆಷಿನ್ ಹ್ಯಾಂಗ್. ಇವನು ಮಗುವಿನ ಕೈಗೆ ಖಾಲಿ ಬಾಕ್ಸ್ ಕೊಟ್ಟು ಕೂರಿಸಿ, ಒಂದು ಮನೆಯವರಿಗೆ ಚಾ ತರಿಸಿ, ಇನ್ನೊಬ್ಬರಿಗೆ ಗೋದಾಮಿನಿಂದ ಅದೇ ಬಣ್ಣ ಹುಡುಕಿ ತಂದನಂತೆ. ಉಳ್ಳಾಲ ಉರೂಸಿನಲ್ಲಿ ಸ್ವಯಂಸೇವಕನಾಗಿ ಊಟದ ಸಾಲು ನೋಡಿಕೊಂಡದ್ದೂ ಉಂಟು. ಅಲ್ಲಿ ದಾರಿ ತಪ್ಪಿದ ಒಂದು ಹೆಣ್ಣುಮಗುವನ್ನು ಮೈಕಿನ ಕೋಣೆಯ ಹತ್ತಿರ ಎರಡು ಗಂಟೆ ಕೂರಿಸಿಕೊಂಡಿದ್ದ. ಇದಕ್ಕಿಂತ ದೊಡ್ಡ ಅನುಭವ ಯಾವ ಸರ್ಟಿಫಿಕೇಟಿನಲ್ಲಿ ಇರ್ತದೆ? ಇಂಥ ನಾಲ್ಕು ಘಟನೆ ಆರಿಸಿ, ಎಂತ ಆಯಿತು, ನಾನು ಎಂತ ಮಾಡಿದೆ, ಕೊನೆಗೆ ಎಂತ ಆಯಿತು ಎಂದು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸಿದೆ. ವ್ಯಾಕರಣ ತಪ್ಪಿದರೂ ಹೇಳುವವನಿಗೆ ತಡವರಿಕೆ ಇರುವುದಿಲ್ಲ, ಏಕೆಂದರೆ ಅದು ಅವನದೇ.

ಕಷ್ಟವಾದದ್ದು ಇಂಗ್ಲಿಷ್ ಅಲ್ಲ. ಈ ಕೆಲಸದ ಇಂಟರ್‌ವ್ಯೂನಲ್ಲಿ ಒಂದಲ್ಲ ಒಂದು ರೂಪದಲ್ಲಿ ಬರುವ ಪ್ರಶ್ನೆ ಇದು: ರೈಡಿಗೆ 120 ಸೆಂ.ಮೀ. ಎತ್ತರ ಬೇಕು. ಮಗು 118 ಇದೆ. ಅಪ್ಪ ದೂರದಿಂದ ಬಂದಿದ್ದಾನೆ, ಒಂದು ಗಂಟೆ ಸಾಲಿನಲ್ಲಿ ನಿಂತಿದ್ದಾನೆ, ಸಿಟ್ಟಾಗಿದ್ದಾನೆ. ನೀನು ಎಂತ ಮಾಡುತ್ತಿ?

ನಮ್ಮ ಹುಡುಗ ಕೂಡಲೇ ಹೇಳಿದ, "ಎರಡು ಸೆಂಟಿಮೀಟರ್ ಅಲ್ವಾ ಮಾಮ, ಅಡ್ಜಸ್ಟ್ ಮಾಡುದು."

ಅಂಗಡಿಯಲ್ಲಿ ಇದೇ ಒಳ್ಳೆಯ ಗುಣ. ಹತ್ತು ರೂಪಾಯಿ ಬಿಟ್ಟುಕೊಡುವವನು, ಮುಚ್ಚಿದ ಮೇಲೂ ಶಟರ್ ಅರ್ಧ ಎತ್ತಿ ಸಾಮಾನು ಕೊಡುವವನು ನಮ್ಮಲ್ಲಿ ವ್ಯಾಪಾರ ಗೊತ್ತಿದ್ದವನು. ರೈಡಿನಲ್ಲಿ ಅದೇ ಗುಣ ಮಗುವಿನ ಜೀವಕ್ಕೆ ಅಪಾಯ. ಎದೆಗೆ, ತೊಡೆಗೆ ಬಂದು ಕೂರುವ ಆ ಕಬ್ಬಿಣದ ಪಟ್ಟಿಯನ್ನು ಇಷ್ಟು ದೊಡ್ಡ ದೇಹಕ್ಕೆ ಎಂದು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಸಣ್ಣ ದೇಹ ಅದರೊಳಗಿಂದ ಜಾರಬಹುದು. ಫೆರಾರಿ ವರ್ಲ್ಡಿನ ಫಾರ್ಮುಲಾ ರೊಸ್ಸಾ ಗಂಟೆಗೆ 240 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಲ್ಲಿ ಯಾರಿಗೆ ಅಡ್ಜಸ್ಟ್ ಮಾಡುವುದು? ಆದ್ದರಿಂದ ಉತ್ತರ ‘ಇಲ್ಲ’ ಎಂಬುದೇ. ಆದರೆ ಅದನ್ನು ಹೇಳುವ ಕ್ರಮ ಉಂಟು. ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಮಾತಾಡು, ಅದು ಸವಾರಿ ಮಾಡಬಹುದಾದ ಬೇರೆ ರೈಡ್ ಯಾವುದು ಎಂದು ಹೇಳು, ಅಪ್ಪನಿಗೆ ಕಾರಣ ಹೇಳು, ಕ್ಷಮೆ ಕೇಳು, ಮತ್ತೂ ಬೊಬ್ಬೆ ಹಾಕಿದರೆ ಸೂಪರ್‌ವೈಸರನ್ನು ಕರೆ. ನಿಯಮ ಮಾತ್ರ ಬದಲಾಗದು.

"ಅವನು ನಮ್ಮ ಊರಿನವನಾದರೆ?" ಎಂದು ಕೇಳಿದ. ಆ ಪ್ರಶ್ನೆ ನನಗೆ ಇಷ್ಟವಾಯಿತು. ಊರಿನವರ ಮಗು ಬಿದ್ದರೆ ಊರಿಗೆ ಬಂದು ಮುಖ ತೋರಿಸುವುದು ಹೇಗೆ ಎಂದು ತಿರುಗಿ ಕೇಳಿದೆ. ಆಮೇಲೆ ಸುಮಾರು ಹೊತ್ತು ಸುಮ್ಮನೆ ಕೂತ. ಮೂರು ದಿನ ಅದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದೆವು. ಅಪ್ಪನ ಪಾತ್ರ ನನ್ನದು. ಮೇಜು ಬಡಿದದ್ದು ಜಾಸ್ತಿಯಾಯಿತೆಂದು ತಂಗಿ ಒಳಗಿಂದ, "ಇಚ್ಚ, ಮೆಲ್ಲ" ಎಂದಳು.

ಫೋನ್ ಇಂಟರ್‌ವ್ಯೂ ಹೆಚ್ಚಾಗಿ ಹತ್ತು ಹದಿನೈದು ನಿಮಿಷದ್ದು. ಗೊತ್ತಿಲ್ಲದ ನಂಬರಿಗೆ "ಹಲೋ, ಯಾರು?" ಎಂದು ಗದರುವ ಅಭ್ಯಾಸ ಮೊದಲು ಹೋಗಬೇಕು. ಸಲಾಂ ಅಥವಾ ಗುಡ್ ಮಾರ್ನಿಂಗ್, ಕೂಡಲೇ ತನ್ನ ಹೆಸರು. ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರಿನ ಅಕ್ಷರ ಬಿಡಿಸಿ ಹೇಳಲು ಕಲಿಯಬೇಕು. ನಮ್ಮಲ್ಲಿ ಮನೆಯ ಹೆಸರು ಒಂದು, ಶಾಲೆಯದ್ದು ಇನ್ನೊಂದು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. 2022ರಿಂದ ಅಲ್ಲಿ ಸರ್ಕಾರಿ ರಜೆ ಶನಿವಾರ, ಭಾನುವಾರ, ಶುಕ್ರವಾರ ಅರ್ಧ ದಿನ ಕೆಲಸ. ಅಂದರೆ ಶುಕ್ರವಾರ ಅಲ್ಲಿಯ ಹನ್ನೊಂದೂವರೆಗೆ ಸಮಯ ಕೊಟ್ಟರೆ ಇಲ್ಲಿ ಒಂದು ಗಂಟೆ, ನಮ್ಮ ಜುಮಾದ ಹೊತ್ತು. ಮೇಲ್ ಬಂದ ದಿನವೇ ವಿನಯದಿಂದ ಬೇರೆ ಸಮಯ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಯ ಗಳಿಗೆಯಲ್ಲಿ ಫೋನ್ ಎತ್ತದಿದ್ದರೆ ತಿಳಿಯುತ್ತಾರೆ.

ವಿಡಿಯೋದಲ್ಲಿ ಎರಡು ಬಗೆ. ಒಂದರಲ್ಲಿ ಎದುರು ಮನುಷ್ಯನಿರುತ್ತಾನೆ. ಇನ್ನೊಂದರಲ್ಲಿ ಯಾರೂ ಇಲ್ಲ. ಪ್ರಶ್ನೆ ಪರದೆಯ ಮೇಲೆ ಬರುತ್ತದೆ, ಯೋಚಿಸಲು ಸ್ವಲ್ಪ ಸಮಯ ಕೊಟ್ಟು ತಾನಾಗಿ ರೆಕಾರ್ಡ್ ಆಗುತ್ತದೆ. ಇದು ಮನುಷ್ಯನಿಗಿಂತ ಹೆಚ್ಚು ಹೆದರಿಸುತ್ತದೆ. ಕ್ಯಾಮೆರಾದ ಪಕ್ಕ ತಂಗಿಯ ಸಣ್ಣ ಮಗಳ ಫೋಟೊ ಅಂಟಿಸಿ, ಅವಳ ಹತ್ತಿರ ಮಾತಾಡಿದ ಹಾಗೆ ಮಾತಾಡು ಎಂದೆ. ಮುಖದಲ್ಲಿ ನಗು ಬಂತು. ಕಿಟಕಿ ಮುಖದ ಎದುರಿಗಿರಬೇಕು, ಬೆನ್ನ ಹಿಂದೆ ಅಲ್ಲ. ಮಳೆಗಾಲದಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ, ಫೋನ್ ಚಾರ್ಜ್ ಮಾಡಿಟ್ಟು ಇನ್ನೊಂದು ಸಿಮ್ಮಿನ ಹಾಟ್‌ಸ್ಪಾಟ್ ತಯಾರಿರಲಿ. ಮಿಕ್ಸಿ ಬಂದ್. ಮೀನಿನವನ ಹಾರ್ನನ್ನು ನಿಲ್ಲಿಸಲಾಗದು, ಅವನಿಗೆ ಮೊದಲೇ ಹೇಳಬಹುದು.

ಭಾಷೆಯ ಕಾಲಮ್ಮಿನಲ್ಲಿ ಹುಡುಗಿ ಬರೆದದ್ದು ಇಂಗ್ಲಿಷ್, ಹಿಂದಿ, ಅರಬ್ಬಿ. ಅರಬ್ಬಿ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ. ಎದುರಿನವರು ಅರಬ್ಬಿಯಲ್ಲೇ ಒಂದು ಮಾತು ಕೇಳಿದರೆ ಕಥೆ ಮುಗಿಯಿತು. ಅದನ್ನು ‘ಓದಲು ಮಾತ್ರ’ ಎಂದು ತಿದ್ದಿಸಿದೆ. ಬ್ಯಾರಿ, ಕನ್ನಡ, ತುಳು, ಮಲಯಾಳಂ ಎಲ್ಲಿ ಹೋಯಿತು ಎಂದು ಕೇಳಿದೆ. "ಅದೆಲ್ಲ ಬರೀಲಿಕ್ಕುಂಟಾ?" ಎಂದಳು. ಕೇರಳದಿಂದ, ಕರ್ನಾಟಕದಿಂದ ಬರುವ ಅಜ್ಜಿಯೊಬ್ಬಳು ಪಾರ್ಕಿನಲ್ಲಿ ಮೊಮ್ಮಗುವನ್ನು ಕಳಕೊಂಡರೆ ಅವಳ ಹತ್ತಿರ ಮಾತಾಡುವವರು ಯಾರು? ಎಲ್ಲ ಬರೆಸಿದೆ.

ಅವಳ ಉಮ್ಮನದ್ದು ಬೇರೆಯೇ ಪರೀಕ್ಷೆ. ಹುಡುಗಿ ಒಬ್ಬಳೇ ಅಷ್ಟು ದೂರ, ರಾತ್ರಿ ಪಾಳಿ, ಬೇರೆ ದೇಶದ ಹುಡುಗಿಯರೊಟ್ಟಿಗೆ ಒಂದೇ ರೂಮು. ಅವರ ಚಿಂತೆ ನ್ಯಾಯವಾದದ್ದೇ, ಅದನ್ನು ನಗಾಡಿ ತಳ್ಳುವ ಯೋಗ್ಯತೆ ನನಗಿಲ್ಲ. ಆದರೆ ಅಭ್ಯಾಸದಲ್ಲಿ ನಾನು ಕೇಳಿದ ಪ್ರಶ್ನೆಗೆಲ್ಲ ಉಮ್ಮನೇ ಪರದೆಯ ಹಿಂದಿನಿಂದ ಉತ್ತರ ಕೊಡುತ್ತಿದ್ದರು. ಅವರನ್ನು ಕರೆದು ಕೂರಿಸಿ, ಅವರ ಪ್ರಶ್ನೆಗಳನ್ನೇ ಹುಡುಗಿ ಕೊನೆಯಲ್ಲಿ ಕೇಳುವ ಹಾಗೆ ಪಟ್ಟಿ ಮಾಡಿದೆವು: ವಸತಿ ಹೆಂಗಸರಿಗೆ ಪ್ರತ್ಯೇಕವೇ? ರಾತ್ರಿ ವಾಹನ ಕಂಪನಿಯದ್ದೇ? ಯೂನಿಫಾರ್ಮಿನ ಜೊತೆ ತಲೆವಸ್ತ್ರಕ್ಕೆ ಅವಕಾಶ ಉಂಟೇ, ರೈಡಿನ ಹತ್ತಿರ ಪಿನ್ ಹಾಕಬಹುದೇ? ನಮಾಝಿಗೆ ಬಿಡುವು? ಇಂಟರ್‌ವ್ಯೂ ದಿನ ಅವಳು ಎಲ್ಲವನ್ನೂ ಕೇಳಿದಳು. ಎದುರಿನ ಹೆಂಗಸು ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರಂತೆ.

ಹಣದ ವಿಷಯ ಒಂದು ಉಂಟು. ಇಂಟರ್‌ವ್ಯೂ ಫೀಸು, ವೀಸಾ ಪ್ರೊಸೆಸಿಂಗ್ ಎಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಬಾರದು ಎಂದು ಯುಎಇಯ 2021ರ ಕಾರ್ಮಿಕ ಕಾನೂನೇ ಹೇಳುತ್ತದೆ. ಇಲ್ಲಿಯ ಏಜೆಂಟಿಗೆ ಲೈಸೆನ್ಸ್ ಉಂಟೋ ಇಲ್ಲವೋ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್‌ನಲ್ಲಿ ನೋಡಬಹುದು, ಕಾಸರಗೋಡಿನವರು ನೋರ್ಕಾದಲ್ಲೂ ಕೇಳಬಹುದು. ತಂಗಿಯ ಮಗನಿಗೆ ಅಬುಧಾಬಿಯ ಎಚ್.ಆರ್. ಮ್ಯಾನೇಜರ್ ಎಂದು ಒಬ್ಬ ವಾಟ್ಸಾಪಿನಲ್ಲಿ ವಿಡಿಯೋ ಕಾಲ್ ಮಾಡಿದ್ದ. ಅಲ್ಲಿಂದ ವಾಟ್ಸಾಪ್ ಕಾಲ್ ಹತ್ತುವುದಿಲ್ಲ ಎಂಬುದು ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು, ಎಲ್ಲರ ಫೋನಿನಲ್ಲಿ ಬೋಟಿಮ್ ಇರುವುದು ಮತ್ತೆಂತಕ್ಕೆ? ಹುಡುಗನ ಉಪ್ಪ ಒಂದೇ ಮಾತು ಕೇಳಿದರು, "ನೀವು ಇರುವುದು ಯಾವ ಊರಲ್ಲಿ?" ಕಾಲ್ ಕಟ್ ಆಯಿತು.

ಆಫರ್ ಲೆಟರ್ ಬಂದರೆ ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಎಂದು ಬೇರೆ ಬೇರೆ ನೋಡಿಯೇ ಸಹಿ ಹಾಕಬೇಕು. ಹುಡುಗಿಗೆ ಬಂದಿದೆ. ಅವಳ ಉಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿದ್ದಾರೆ, ಇನ್ನೂ ಹೌದು ಎಂದಿಲ್ಲ, ಬೇಡ ಎಂದೂ ಇಲ್ಲ. ಹುಡುಗನಿಗೆ ಒಂದು ಪಾರ್ಕಿನವರು ವಿಡಿಯೋದ ನಂತರ ಈ ಸಲ ಆಗಲಿಲ್ಲ ಎಂದು ಬರೆದರು. ಎತ್ತರದ ಪ್ರಶ್ನೆ ಬಂದಿತ್ತಂತೆ, ಸರಿಯಾಗಿ ಹೇಳಿದ್ದನಂತೆ. ಇನ್ನೊಂದು ಪಾರ್ಕಿನ ಫೋನ್ ಬರುವ ಮಂಗಳವಾರ, ಅಲ್ಲಿಯ ಮೂರು ಗಂಟೆಗೆ, ಇಲ್ಲಿಯ ನಾಲ್ಕೂವರೆಗೆ.