ಹೊಸ್ತಿಲಿನಾಚೆಯ ಅತಿಥಿ

ಬೇಸಗೆಯಲ್ಲಿ ಕಲಬುರಗಿಗೆ ಹೋಗಬಾರದೆಂದು ತಿಳಿದವರು ಹೇಳುತ್ತಾರೆ. ಆದರೆ ಶರಣಬಸವೇಶ್ವರರ ಜಾತ್ರೆಯನ್ನು ನೋಡಬೇಕೆಂಬವರಿಗೆ ಬೇರೆ ದಾರಿಯಿಲ್ಲ. ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ, ಬಿಸಿಲು ಕಾಯತೊಡಗಿದ ಹೊತ್ತಿನಲ್ಲಿಯೇ, ಅಪ್ಪನ ತೇರು ಹೊರಡುತ್ತದೆ. ತೊಗರಿಯ ನಾಡಿನ ರೈತಾಪಿ ಜನವೆಲ್ಲ ಅಂದು ಅಲ್ಲಿ ನೆರೆಯುತ್ತದೆ.

ಜಾತ್ರೆಯ ಗದ್ದಲವಿಲ್ಲದ ದಿನ ಹೋದರೆ ಗುಡಿಯನ್ನು ಸಾವಕಾಶವಾಗಿ ನೋಡಬಹುದು. ಸಾಲುಗಂಬಗಳ ಕಮಾನುಗಳ ಕೆಳಗೆ ತಂಪು ನೆಲೆಸಿರುತ್ತದೆ. ಕಲ್ಲಿನಲ್ಲಿ ಹೂಮಾಲೆಗಳು, ಹಕ್ಕಿಗಳು, ಆನೆಗಳು ಮೂಡಿವೆ. ಗರ್ಭಗುಡಿಯಲ್ಲಿರುವುದು ಶರಣರ ಸಮಾಧಿ. ಅಲ್ಲಿ ಗುರು ಮರುಳಾರಾಧ್ಯರ ಮುಖವೂ ಶಿಷ್ಯನ ಮುಖವೂ ಬೆಳ್ಳಿಯಲ್ಲಿ ಜೋಡಿಯಾಗಿ ನಿಂತಿವೆ.

ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವರು 1822ರಲ್ಲಿ ಲಿಂಗೈಕ್ಯರಾದರು. ಹೊಲ ಕಾಯಲು ಕುಳಿತವರು ತೆನೆ ತಿನ್ನಬಂದ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯಲು ನೀರಿಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಅವರ ದೊಡ್ಡ ಕಾಯಕ ದಾಸೋಹ. ಹಸಿದು ಬಂದವನ ಕುಲವನ್ನಾಗಲಿ ಊರನ್ನಾಗಲಿ ಕೇಳದೆ ಎಲೆ ಹಾಕುವುದೇ ಅದರ ನೇಮ.

ಇಂತಹ ಹೊಸ್ತಿಲಿನ ಮೇಲೆ ನಿಂತಾಗ ರಕ್ತ ಹೀರುವ ಪಿಶಾಚಿಯ ಕಾದಂಬರಿಯೊಂದು ನೆನಪಾಯಿತೆಂದರೆ ಓದುಗರು ನಕ್ಕಾರು. ಆದರೆ ಆ ಕಥೆಯೂ ಹೊಸ್ತಿಲಿನದೇ. ಸ್ವೀಡನ್ನಿನ ಯೋನ್ ಐವಿಡೆ ಲಿಂಡ್‌ಕ್ವಿಸ್ಟ್ 2004ರಲ್ಲಿ ಪ್ರಕಟಿಸಿದ ಕಾದಂಬರಿ ಅದು. ‘ತಕ್ಕವರನ್ನು ಒಳಗೆ ಬರಗೊಡು’ ಎಂಬುದು ಅದರ ಹೆಸರಿನ ಅರ್ಥ. 2008ರಲ್ಲಿ ಚಲಚ್ಚಿತ್ರವೂ ಆಯಿತು. ಕಥೆ ನಡೆಯುವುದು 1981ರಲ್ಲಿ, ಸ್ಟಾಕ್‌ಹೋಮಿನ ಬ್ಲಾಕೆಬೆರಿ ಎಂಬ ಬಡಾವಣೆಯಲ್ಲಿ. ಹನ್ನೆರಡು ವರ್ಷದ ಆಸ್ಕರ್ ಶಾಲೆಯ ಪುಂಡರಿಂದ ದಿನವೂ ಪೆಟ್ಟು ತಿನ್ನುವವನು. ಪಕ್ಕದ ಮನೆಗೆ ಬಂದ ಏಲಿ ಎಂಬ ಮಗು ಅವನ ಗೆಳೆತನ ಬೆಳೆಸುತ್ತದೆ. ನಡುವಣ ಗೋಡೆಯನ್ನು ತಟ್ಟಿ, ತಂತಿಯ ಸಂಕೇತಗಳಲ್ಲಿ ಇಬ್ಬರೂ ಮಾತಾಡುತ್ತಾರೆ. ಏಲಿಯ ವಯಸ್ಸೂ ಹನ್ನೆರಡೇ. ಆದರೆ ಆ ಹನ್ನೆರಡು ಶತಮಾನಗಳಿಂದ ಬೆಳೆದಿಲ್ಲ. ಬದುಕಲು ಅದಕ್ಕೆ ಮನುಷ್ಯರ ರಕ್ತವೇ ಬೇಕು.

ಕರೆಯದೆ ಏಲಿ ಯಾರ ಮನೆಯನ್ನೂ ಹೊಗುವಂತಿಲ್ಲ. ಒಮ್ಮೆ ಆಸ್ಕರ್ ಪರೀಕ್ಷಿಸಲೆಂದು ಬಾಯಿ ಬಿಡದೆ ನಿಲ್ಲುತ್ತಾನೆ. ಏಲಿ ಒಳಗೆ ಕಾಲಿಟ್ಟೊಡನೆ ಅದರ ಮೈಯೆಲ್ಲ ರಕ್ತ ಒಸರುತ್ತದೆ. ಆಗ ಹುಡುಗ ಹೆದರಿ ಕರೆದುಬಿಡುತ್ತಾನೆ.

ನಮ್ಮ ನಾಡಿಗೂ ಈ ಭಯ ಹೊಸದಲ್ಲ. ರಾತ್ರಿ ಬಾಗಿಲು ತಟ್ಟುವ ಪಿಶಾಚಿಯನ್ನು ಹಿಂದಿರುಗಿಸಲು ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆಯುವ ಪದ್ಧತಿಯನ್ನು ಅನೇಕರು ಕಂಡಿದ್ದಾರೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಈ ಸುದ್ದಿ ಹಬ್ಬಿತ್ತು. ಉಪಾಯ ಜಾಣತನದ್ದೇ: ದೆವ್ವ ಓದಿ ಮರಳುತ್ತದೆ, ಮರುದಿನ ಬಂದಾಗಲೂ ಬರಹ ಅದೇ.

ಆದರೆ ಆಸ್ಕರನ ಕಷ್ಟ ದೆವ್ವದಿಂದ ಮೊದಲಾದುದಲ್ಲ. ಸಹಪಾಠಿಗಳು ಅವನನ್ನು ಹೊರಗಿಟ್ಟಿದ್ದರು. ಒಂಟಿಯಾಗಿ ದುಡಿಯುವ ತಾಯಿಗೆ ಅವನ ಗಾಯಗಳ ನಿಜ ತಿಳಿಯಲಿಲ್ಲ. ಒಬ್ಬನೇ ಮನುಷ್ಯನ ಬಾಗಿಲೂ ತೆರೆಯದಾಗ ಆ ಬಾಲಕನಿಗೆ ಪ್ರೀತಿ ದೊರೆತದ್ದು ಕೊಲೆಗಡುಕ ಹಸಿವಿನ ಮಡಿಲಿನಲ್ಲಿ. ಕಾದಂಬರಿಕಾರ ಆ ಹಸಿವನ್ನು ಮರೆಮಾಡಿಲ್ಲ, ಆ ಗೆಳೆತನವನ್ನು ಸುಳ್ಳೆಂದೂ ಹೇಳಿಲ್ಲ. ಮೈ ನಡುಗಿಸುವುದು ಇದೇ. ಮಕ್ಕಳ ಮಾತಿಗೆ ‘ನಾಳೆ’ ಎನ್ನುವ ರೂಢಿ ನಮ್ಮ ಮನೆಗಳಲ್ಲಿಯೂ ಇಲ್ಲದಿಲ್ಲ. ‘ಇಂದೇ ಬಾ’ ಎಂದು ಕರೆಯುವವರು ಯಾರೆಂಬುದು ಮಗುವಿಗೆ ತಿಳಿದೀತೆ?

ಕಲಬುರಗಿಯ ಗುಡಿಯಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಹೊಲಕ್ಕೆ ಬಂದ ಹಕ್ಕಿಗೂ ನೀರಿಟ್ಟವರ ಹೊಸ್ತಿಲು ಅದು. ಮಕ್ಕಳನ್ನು ಕರೆದುಕೊಂಡು ಹೋಗುವವರು, ಕಲ್ಲಿನಲ್ಲಿ ಮೂಡಿದ ಹಕ್ಕಿಗಳನ್ನು ತೋರಿಸುವಾಗ, ಆ ಕಥೆಯನ್ನೂ ಹೇಳಬಹುದು.