ಆಷಾಢದ ಗಾಳಿಗೆ ಎದುರಾಗಿ

ಮೇಚೇರಿಯ ಭದ್ರಕಾಳಿ ಅಮ್ಮನ ಗುಡಿಯ ಹತ್ತಿರ ಬೀದಿದೀಪ ಇನ್ನೂ ಆರಿಲ್ಲ. ನೀವು ಬಗ್ಗಿ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದೀರಿ. ಪಕ್ಕದಲ್ಲಿ ಸಣ್ಣ ಟೈರಿನ ರೇಸಿಂಗ್ ಸೈಕಲ್ ಹಿಡಿದ ಹುಡುಗ ನಿಂತಲ್ಲೇ ಕಾಲು ಕುಣಿಸುತ್ತಿದ್ದಾನೆ. ನಿವೃತ್ತ ಮೇಷ್ಟ್ರದು ದಪ್ಪ ಟೈರಿನ ಗೇರ್ ಸೈಕಲ್. ಈ ವಾರ ಹೊಸದಾಗಿ ಬಂದ ಅಕ್ಕ ಮಗಳ ಬುಟ್ಟಿ ಸೈಕಲ್ಲನ್ನೇ ತಂದಿದ್ದಾರೆ, ಅದಕ್ಕೆ ಗೇರೇ ಇಲ್ಲ. ಇಷ್ಟೂ ಜನ ಒಟ್ಟಿಗೆ ಮೆಟ್ಟೂರು ಅಣೆಕಟ್ಟು ಮುಟ್ಟಬೇಕು.

ಊರು ದಾಟುತ್ತಿದ್ದಂತೆ ಗಾಳಿ ಮುಖಕ್ಕೇ ಹೊಡೆಯುತ್ತದೆ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿ, ನೀವು ಹೊರಟಿರುವುದೂ ಪಡುವಣಕ್ಕೇ. ಹುಡುಗ ಮುಂದಕ್ಕೆ ಹೋಗುತ್ತಾನೆ. ಅವನ ಹಿಂದಿನ ಚಕ್ರಕ್ಕೂ ನಿಮ್ಮ ಮುಂದಿನ ಚಕ್ರಕ್ಕೂ ಎರಡು ಮೊಳ ಅಂತರ ಇಟ್ಟುಕೊಳ್ಳಿ. ಕಿವಿಯಲ್ಲಿ ಭೋರ್ಗರೆಯುತ್ತಿದ್ದ ಸದ್ದು ತಟ್ಟನೆ ತಗ್ಗುತ್ತದೆ, ತೊಡೆಯ ಬಿಗಿ ಸಡಿಲುತ್ತದೆ. ಗಾಳಿಯ ಮರೆಯಲ್ಲಿ ತುಳಿಯುವವರಿಗೆ ಶ್ರಮದಲ್ಲಿ ಸಾಕಷ್ಟು ಪಾಲು ಉಳಿಯುತ್ತದೆ. ಬಲವಿದ್ದವರು ಗುಂಪಿಗೆ ಕೊಡಬಹುದಾದದ್ದು ಇದನ್ನೇ. ಆದರೆ ಮುಂದಿರುವವನಿಗೆ ತನ್ನ ವೇಗ ಏರಿದ್ದು ತಿಳಿಯುವುದಿಲ್ಲ. ಅವನು ಕಿವಿ ಹಿಂದಕ್ಕೆ ಕೊಟ್ಟಿರಬೇಕು: ಮಾತು ನಿಂತಿತೆಂದರೆ ಹಿಂದಿನವರಿಗೆ ಉಸಿರು ಸಾಲುತ್ತಿಲ್ಲ.

ಈಗ ಮಾತು ನಿಂತಿದೆ. “ತಮ್ಮಾ, ನಿಧಾನ! ಅಕ್ಕ ಹಿಂದೆ ಉಳಿದರು,” ಮೇಷ್ಟ್ರು ಕೂಗುತ್ತಾರೆ. ಗುಂಪಿನಲ್ಲಿ ಕನ್ನಡದ ಮನೆಯವರೂ ಇದ್ದಾರೆ, ತಮಿಳಿನ ಮನೆಯವರೂ ಇದ್ದಾರೆ. ಎಚ್ಚರಿಕೆಯ ಕೂಗು ಯಾವುದರಲ್ಲಿ ಬಂದರೂ ಎಲ್ಲರ ಕೈಯೂ ಬ್ರೇಕಿಗೆ ಹೋಗುತ್ತದೆ. ಮುಂದಿನವನ ಎಡಗೈ ಕೆಳಗಿಳಿದು ನೆಲ ತೋರಿಸಿತೇ? ಗುಂಡಿ. ನೀವೂ ತೋರಿಸಿ, ನಿಮ್ಮ ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ.

ತಿರುವಿನಲ್ಲಿ ಕುರಿಮಂದೆ. ಈ ಊರಿನ ಹೆಸರನ್ನೇ ಹೊತ್ತ ಮೇಚೇರಿ ತಳಿ: ಕೆಂಗಂದು ಮೈ, ಉಣ್ಣೆಯ ಬದಲು ಗಿಡ್ಡ ಕೂದಲು. ಎಲ್ಲರೂ ಕಾಲೂರಿ ನಿಲ್ಲುತ್ತೀರಿ. ಅಕ್ಕನಿಗೆ ನೀರು ಕುಡಿಯಲು ಸಮಯ ಸಿಕ್ಕಿತು.

ಗುಂಪು ಚದುರದಂತೆ ಸಾಗಲು ಒಂದು ಹಳೆಯ ಏರ್ಪಾಡಿದೆ. ಫ್ರಾನ್ಸಿನಲ್ಲಿ 1904ರಲ್ಲಿ ಶುರುವಾದ ಆಡಾಕ್ಸ್ ಎಂಬ ದೂರದ ಸೈಕಲ್ ಸವಾರಿಗಳಲ್ಲಿ ಒಬ್ಬ ನಾಯಕ ಮುಂದಿರುತ್ತಾನೆ. ಗಂಟೆಗೆ ಸುಮಾರು 22.5 ಕಿಲೋಮೀಟರ್, ಅವನನ್ನು ಯಾರೂ ದಾಟುವಂತಿಲ್ಲ. ಬುಟ್ಟಿ ಸೈಕಲ್ಲಿಗೆ ಈ ಗಾಳಿಯಲ್ಲಿ ಅಷ್ಟು ವೇಗ ಆಗದ ಮಾತು. ಆದರೂ ಆ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ, ವೇಗವನ್ನು ಒಬ್ಬರ ಹುಮ್ಮಸ್ಸಿಗೆ ಬಿಡದೆ ಮೊದಲೇ ಒಪ್ಪಿಕೊಂಡು ಹೊರಡುತ್ತಾರಲ್ಲ, ಅದಕ್ಕೆ.

ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡವು. ಇನ್ನು ಲಾರಿಗಳ ಓಡಾಟ, ಒಬ್ಬರ ಹಿಂದೆ ಒಬ್ಬರಾಗಿ ಸಾಲು ಹಿಡಿಯಿರಿ. ಮೆಟ್ಟೂರಿನ ಏರು ಬಂದಾಗ ಸಾಲು ತಾನಾಗಿ ಚದುರುತ್ತದೆ. ಏರಿನಲ್ಲಿ ಗಾಳಿಯ ಮರೆ ಹೆಚ್ಚು ಉಪಯೋಗಕ್ಕೆ ಬಾರದು. ಅವರವರ ತೂಕ, ಅವರವರ ಕಾಲು. ಹುಡುಗ ಸರ್ರನೆ ಹತ್ತಿಬಿಡುತ್ತಾನೆ. ಹತ್ತಲಿ, ಅವನ ಸುಖವೂ ಸುಖವೇ.

ಮೇಲೆ ನಿಂತರೆ ಜಲಾಶಯ ಕಾಣುತ್ತದೆ. 1934ರಲ್ಲಿ ಮುಗಿದ ಕಟ್ಟೆ, ಪೂರ್ಣ ಮಟ್ಟ 120 ಅಡಿ. ನೀರು ತೀರಾ ಇಳಿದ ವರ್ಷ ಪಣ್ಣವಾಡಿಯಲ್ಲಿ ಮುಳುಗಿದ ಗುಡಿಯ ನಂದಿ ಹೊರಗೆ ಕಾಣಿಸಿಕೊಳ್ಳುತ್ತದೆ. ಮೇಷ್ಟ್ರು ಅದನ್ನು ಹೇಳುತ್ತಿರುವಾಗಲೇ ಅಕ್ಕ ಸೈಕಲ್ ತಳ್ಳಿಕೊಂಡು ಬರುತ್ತಾರೆ. ಮುಖವೆಲ್ಲ ಕೆಂಪು.

ಹೆಚ್ಚಿನ ಗುಂಪುಗಳು ಕೆಡುವುದು ಇಲ್ಲೇ. ಮೊದಲು ಬಂದವರು ದಣಿವಾರಿಸಿಕೊಂಡಿರುತ್ತಾರೆ. ಕೊನೆಯವರು ಬಂದ ಕೂಡಲೇ “ಎಲ್ಲರೂ ಬಂದರಲ್ಲ, ಹೊರಡೋಣ” ಎಂದು ಪೆಡಲಿಗೆ ಕಾಲಿಡುತ್ತಾರೆ. ಹೆಚ್ಚು ದಣಿದವರಿಗೇ ವಿಶ್ರಾಂತಿ ಇಲ್ಲ. ಅಂಥವರು ಮುಂದಿನ ಭಾನುವಾರ ಬರುವುದಿಲ್ಲ, ಏಕೆಂದೂ ಹೇಳುವುದಿಲ್ಲ.

ಹುಡುಗ ಹೆಲ್ಮೆಟ್ ಎತ್ತಿಕೊಳ್ಳುತ್ತಾನೆ. ಮೇಷ್ಟ್ರು ಕೈ ಅಡ್ಡ ಹಿಡಿಯುತ್ತಾರೆ: “ಕೊನೆಗೆ ಬಂದವರು ಹೇಳಿದ ಮೇಲೇ ಹೊರಡೋದು.” ಅಕ್ಕ ಬುಟ್ಟಿಯಿಂದ ಬಾಳೆಹಣ್ಣು ತೆಗೆದು ಎಲ್ಲರಿಗೂ ಕೊಡುತ್ತಾರೆ, ತಾವೂ ತಿನ್ನುತ್ತಾರೆ, ಆತುರವಿಲ್ಲದೆ. ಕೊಳತ್ತೂರಿನ ಕಡೆಗೆ ಇನ್ನಷ್ಟು ತುಳಿಯಬೇಕೆಂದವರು ಇಬ್ಬರು. ಅವರು ಅತ್ತ ಹೋಗಲಿ. ಊರ ಕಡೆ ಗಾಳಿ ಬೆನ್ನಿಗಿರುತ್ತದೆ. ಅಕ್ಕನೇ ಮುಂದೆ, ನೀವು ಹಿಂದೆ.

“ಈಗ ಹೊರಡೋಣ,” ಎನ್ನುತ್ತಾರೆ ಅಕ್ಕ.