ಅಮ್ಮನೂ ಕೂತ ಭಾನುವಾರ

"ಭಾನುವಾರ ನಾನು ಚಿಕನ್ ಕ್ಯಾಸರೋಲ್ ಮಾಡ್ತೀನಿ" ಅಂದೆ. ಅಮ್ಮ ಅಡುಗೆಮನೆ ಕಡೆ ನೋಡಿ, "ಕ್ಯಾಸರೋಲ್ ಅಲ್ಲೇ ಮೇಲಿದೆ ನೋಡು. ರೊಟ್ಟಿ ಹಾಕಿಡೋಕೆ ತಾನೆ?" ಅಂದಳು.

ಅಮ್ಮನ ತಪ್ಪಿಲ್ಲ ಬಿಡಿ. ನಮ್ಮ ಕಡೆ ಕ್ಯಾಸರೋಲ್ ಅಂದರೆ ಮದುವೆ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬರೋ ಹಾಟ್‌ಬಾಕ್ಸ್. ಆದರೆ ಅದು ಫ್ರೆಂಚ್ ಪದ, ಪಾತ್ರೆಯ ಹೆಸರು. ಮುಚ್ಚಳ ಹಾಕಿ ಓವನ್‌ನಲ್ಲಿ ನಿಧಾನಕ್ಕೆ ಬೇಯಿಸಿ, ಅದೇ ಪಾತ್ರೆಯನ್ನ ಊಟದ ಜಾಗಕ್ಕೆ ತಂದಿಡೋ ಅಡುಗೆಗೂ ಅದೇ ಹೆಸರಾಯಿತು. ನಮ್ಮ ತಟ್ಟೆ ಇಡ್ಲಿ ಥರ.

ಇಷ್ಟಕ್ಕೂ ಈ ಸಾಹಸಕ್ಕೆ ಕಾರಣ ಅಮ್ಮನ ಬಲಗೈ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ನಾನು ಆಫೀಸಿಗೆ ಹೇಳಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಬೆಂಗಳೂರಿಂದ ಹೊಳಲೂರಿಗೆ ಬಂದೆ. ವಾರದ ದಿನಗಳು ಅನ್ನ, ತಿಳಿಸಾರು, ಪಕ್ಕದ ಮನೆಯವರು ಕೊಟ್ಟ ಪಲ್ಯದಲ್ಲಿ ಹೇಗೋ ಕಳೆದವು. ಕಷ್ಟ ಆಗಿದ್ದು ಭಾನುವಾರ. ನಮ್ಮನೆಯಲ್ಲಿ ಭಾನುವಾರ ಅಂದರೆ ಕೋಳಿ ಸಾರು, ಜೊತೆಗೆ ಅಕ್ಕಿ ರೊಟ್ಟಿ, ಇಲ್ಲಾಂದ್ರೆ ಕಡುಬು.

ಎರಡು ಭಾನುವಾರ ಸುಮ್ಮನಿದ್ದ ಅಪ್ಪ ಮೂರನೇ ವಾರ ಹೇಳಿದರು: "ಭದ್ರಾವತಿಯಿಂದ ಅಕ್ಕನ್ನ ಕರೆಸೋಣ ಕಣೋ. ಬೆಳಿಗ್ಗೆ ಬಂದು ಅಡುಗೆ ಮಾಡಿಟ್ಟು ಹೋಗ್ಲಿ."

ಅಕ್ಕ ಟೀಚರ್. ಮನೆಯಲ್ಲಿ ಐದು ವರ್ಷದ ಮಗ. ವಾರಕ್ಕೆ ಅವಳಿಗೆ ಸಿಗೋದು ಅದೊಂದೇ ರಜ. ಮನೇಲಿ ಮೂವತ್ತು ವರ್ಷದ ಮಗ ಕೂತಿರುವಾಗ ಅವಳು ಬಸ್ ಹತ್ತಿ ಬಂದು ರೊಟ್ಟಿ ತಟ್ಟಬೇಕಾ? "ಕರೆಸೋಣ ಅಪ್ಪ, ಊಟಕ್ಕೆ. ಅಡುಗೆ ನಾನು ಮಾಡ್ತೀನಿ" ಅಂದೆ. ಅಪ್ಪ ಪೇಪರ್‌ನಿಂದ ತಲೆ ಎತ್ತಿ ನೋಡಿದರು, ಏನೂ ಹೇಳಲಿಲ್ಲ.

ಹೇಳಿಬಿಟ್ಟೆ ಸರಿ, ಮಾಡೋದೇನು? ನನಗೆ ರೊಟ್ಟಿ ತಟ್ಟೋಕೆ ಬರಲ್ಲ. ಬೆಂಗಳೂರಿನ ರೂಮಲ್ಲಿ ನನ್ನ ಅಡುಗೆ ಮ್ಯಾಗಿ ಮತ್ತು ಮೊಟ್ಟೆಗೆ ಮುಗಿಯುತ್ತೆ. ಹಾಗಾಗಿ ಎಲ್ಲಾ ಒಂದೇ ಪಾತ್ರೆಗೆ ಹಾಕಿ ಮುಚ್ಚಿಡೋ ಅಡುಗೆಯೇ ಸೇಫ್ ಅನ್ನಿಸಿತು. ಓವನ್ ಇಲ್ಲದಿದ್ದರೂ ಪರವಾಗಿಲ್ಲ, ಬಿರಿಯಾನಿಗೆ ದಮ್ ಕಟ್ಟೋದೂ ಹೆಚ್ಚುಕಮ್ಮಿ ಇದೇ ತಾನೆ?

ಶನಿವಾರ ಶಿವಮೊಗ್ಗದ ಗಾಂಧಿ ಬಜಾರ್‌ನಿಂದ ಕ್ಯಾರೆಟ್, ಬೀನ್ಸ್ ತಂದೆ. ಭಾನುವಾರ ಬೆಳಿಗ್ಗೆ ಒಂದೂವರೆ ಕೆಜಿ ಫಾರಂ ಕೋಳಿ. ನಾಟಿ ಕೋಳಿ ಬೇಯೋಕೆ ತುಂಬಾ ಹೊತ್ತು ಬೇಕು, ಹೊಸಬರು ಆ ಗೋಜಿಗೆ ಹೋಗಬೇಡಿ. ತುಂಡುಗಳಿಗೆ ಅರ್ಧ ಕಪ್ ಮೊಸರು, ಎರಡು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಎರಡು ಟೀ ಚಮಚ ಕಾಳುಮೆಣಸಿನ ಪುಡಿ, ಅರಿಶಿನ ಸವರಿದೆ. ಉಪ್ಪು ಎಷ್ಟು ಅಂತ ಅಮ್ಮನ್ನ ಕೇಳಿದೆ.

"ಕೈಗೇ ಗೊತ್ತಾಗುತ್ತಪ್ಪ" ಅಂದಳು. ಆಮೇಲೆ ಪ್ಲಾಸ್ಟರ್ ನೋಡಿಕೊಂಡು ನಕ್ಕಳು. "ನನ್ನ ಅಳತೆ ಎಲ್ಲಾ ಈ ಕೈಯಲ್ಲಿತ್ತು. ಎಡಗೈಗೆ ಏನೂ ಗೊತ್ತಿಲ್ಲ."

ಕೊನೆಗೆ ಮೂರು ಟೀ ಚಮಚ ಅಂತ ನಾನೇ ತೀರ್ಮಾನ ಮಾಡಿ, ಒಂದು ಗಂಟೆ ನೆನೆಯೋಕೆ ಬಿಟ್ಟೆ.

ಅಟ್ಟದಲ್ಲಿದ್ದ ದಪ್ಪ ತಳದ ಪಾತ್ರೆ ಇಳಿಸಿ, ತಳಕ್ಕೆ ಎರಡು ಚಮಚ ತುಪ್ಪ ಹಾಕಿ, ದಪ್ಪ ಬಿಲ್ಲೆಯಾಗಿ ಹೆಚ್ಚಿದ ನಾಲ್ಕು ಆಲೂಗಡ್ಡೆ ಹರಡಿದೆ. ಸೀದರೆ ಅದು ಸೀಯಲಿ, ಕೋಳಿ ಉಳಿಯುತ್ತೆ. ಅದರ ಮೇಲೆ ಮೂರು ಈರುಳ್ಳಿ, ಆಮೇಲೆ ಕೋಳಿ, ಕ್ಯಾರೆಟ್, ಬೀನ್ಸ್, ಎರಡು ಟೊಮೆಟೊ, ಕೊತ್ತಂಬರಿ ಸೊಪ್ಪು, ಕೊನೆಗೆ ಅರ್ಧ ಕಪ್ ತೆಂಗಿನಹಾಲು. ನೀರು ಬೇಡ. ಈರುಳ್ಳಿ, ಟೊಮೆಟೊ, ಕೋಳಿ ಬಿಡೋ ನೀರೇ ಸಾಕು. ಮುಚ್ಚಳದ ಸುತ್ತ ಚಪಾತಿ ಹಿಟ್ಟು ಮೆತ್ತಿ, ಹತ್ತು ನಿಮಿಷ ಮಧ್ಯಮ ಉರಿ. ಆಮೇಲೆ ಪಾತ್ರೆ ಕೆಳಗೆ ಕಾವಲಿ ಇಟ್ಟು ನಲವತ್ತು ನಿಮಿಷ ಸಣ್ಣ ಉರಿ. ಆಫ್ ಮಾಡಿ ಹತ್ತು ನಿಮಿಷ ಹಾಗೇ ಬಿಡಿ. ಕೋಳಿ ಒಳಗಿನವರೆಗೂ 74 ಡಿಗ್ರಿ ಸೆಲ್ಸಿಯಸ್ ಬಿಸಿ ಆಗಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ತೊಡೆಯ ದಪ್ಪ ಭಾಗ ಬಿಡಿಸಿ ನೋಡಿ. ಮಾಂಸ ಒಳಗೆ ಇನ್ನೂ ಕೆಂಪಗಿದ್ದರೆ ಮತ್ತೆ ಹತ್ತು ನಿಮಿಷ ಇಡಿ.

ಆ ನಲವತ್ತು ನಿಮಿಷ ನನಗೆ ಮಾಡೋಕೆ ಏನೂ ಕೆಲಸ ಇರಲಿಲ್ಲ. ಕುಕ್ಕರ್‌ನಲ್ಲಿ ಅನ್ನ ಇಟ್ಟು ಜಗುಲಿಗೆ ಬಂದು ಕೂತೆ. ಅಷ್ಟರಲ್ಲಿ ಅಕ್ಕ ಬಂದಳು. ಅಭ್ಯಾಸಬಲ, ಚಪ್ಪಲಿ ಬಿಟ್ಟವಳೇ ಸೀದಾ ಅಡುಗೆಮನೆಗೆ ಹೋದಳು. ನಾನು ವಾಪಸ್ ಕರೆದು ಕೂರಿಸಿದೆ.

ಪಾತ್ರೆಯನ್ನ ನಡುಮನೆಗೆ ತಂದು ಮಧ್ಯದಲ್ಲಿಟ್ಟೆ. ಹಿಟ್ಟು ಒಡೆದು ಮುಚ್ಚಳ ತೆಗೆದಾಗ ಬಂದ ಘಮಕ್ಕೆ ಅಳಿಯ "ವಾವ್ ಮಾಮ" ಅಂದ. ತಳದ ಆಲೂಗಡ್ಡೆ ಸ್ವಲ್ಪ ಸೀದಿತ್ತು, ಉಪ್ಪು ಒಂಚೂರು ಕಮ್ಮಿ. ಐದೂ ಜನ ಸುತ್ತ ಕೂತೆವು.

ಅಪ್ಪ ಮುಗಿಸಿದರು, ನಾನು ಮುಗಿಸಿದೆ. ಅಮ್ಮನ ತಟ್ಟೆ ಇನ್ನೂ ಅರ್ಧ ಇತ್ತು. ಎಡಗೈಲಿ ಚಮಚ ಹಿಡಿದು ಒಂದೊಂದೇ ತುತ್ತು. "ಕೈ ಕಷ್ಟ ಆಗ್ತಿದೆಯಾ ಅಮ್ಮ, ನಾನು ತಿನ್ನಿಸ್ಲಾ?" ಅಂದೆ.

ಅಕ್ಕ ನನ್ನನ್ನೇ ನೋಡಿದಳು. "ಕೈಯಿಂದ ಅಲ್ವೋ. ಅಮ್ಮ ಯಾವಾಗಲೂ ನಿಧಾನಕ್ಕೇ ಊಟ ಮಾಡೋದು. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಾವು ಬಿಸಿ ಬಿಸಿ ರೊಟ್ಟಿ ತಿನ್ನುವಾಗ ಅಮ್ಮ ಕಾವಲಿ ಮುಂದೆ ನಿಂತಿರುತ್ತಿದ್ದಳು. ಕೈತೊಳೆದು ನಾನು ಟಿವಿ ಮುಂದೆ ಹೋದ ಮೇಲೆ ಅಡುಗೆಮನೆಯಲ್ಲಿ ಅವಳೂ ಅಕ್ಕನೂ ಕೂರುತ್ತಿದ್ದರು. ಅಮ್ಮ ಊಟ ಮಾಡೋದನ್ನ ಪೂರ್ತಿ ನೋಡಿದ್ದು ಅಕ್ಕ ಒಬ್ಬಳೇ.

ಅಪ್ಪನಿಗೂ ಆ ಮಾತು ಕೇಳಿಸಿರಬೇಕು. ಊಟ ಆದ ತಕ್ಷಣ ಏಳೋ ಮನುಷ್ಯ, ಅವತ್ತು ಎಂಜಲು ಕೈ ಒಣಗಿದರೂ ಎದ್ದೇಳಲಿಲ್ಲ. ಅಡಿಕೆ ರೇಟು, ಪಕ್ಕದ ತೋಟದ ಬೋರ್‌ವೆಲ್ಲು ಅಂತ ಏನೇನೋ ಮಾತಾಡ್ತಾ, ಅಮ್ಮನ ತಟ್ಟೆ ಖಾಲಿ ಆಗೋವರೆಗೂ ಕೂತಿದ್ದರು. ಅಮ್ಮ ಎರಡು ಸಲ "ನೀವು ಕೈ ತೊಳ್ಕೊಳ್ಳಿ" ಅಂದಳು. "ತೊಳ್ಕೋತೀನಿ ಬಿಡು" ಅಂದರು.

ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ. ಅಕ್ಕಿ ರೊಟ್ಟಿ ವಾಪಸ್ ಬಂದಿದೆ. ಸುಳ್ಳು ಯಾಕೆ ಹೇಳಲಿ, ನನ್ನ ಕ್ಯಾಸರೋಲ್‌ಗಿಂತ ಅದೇ ರುಚಿ. ಆದರೆ ನಾನು ಊರಿಗೆ ಹೋದ ಭಾನುವಾರ ಅಟ್ಟದ ಪಾತ್ರೆ ಇಳಿಯುತ್ತೆ. ಉಪ್ಪು ಮಾತ್ರ ಅಮ್ಮನೇ ಹಾಕ್ತಾಳೆ, ಬಲಗೈಯಲ್ಲಿ.

ನೀವೂ ಮುಂದಿನ ಸಲ ಊರಿಗೆ ಹೋದಾಗ ಮಾಡಿ ನೋಡಿ. ಬರೀ ಒಂದು ಪಾತ್ರೆ ತೊಳೆದರೆ ಸಾಕು. ಅದನ್ನೂ ನೀವೇ ತೊಳೀರಿ.